ಖಾಲಿ ಕೊಡಬಾರದ ಪಾತ್ರೆ

ನಾನು ಹೆದರುವ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದನ್ನೆಲ್ಲ ಓದಿ ನೀವು ನನ್ನನ್ನು ಪರಿಸರಪ್ರೇಮಿ ಎಂದು ತಪ್ಪು ತಿಳಿಯುವ ಸಂಭವ ಇದೆ. ಬಸ್ಸು ಹತ್ತಿದರೆ ಇಳಿಯುವವರೆಗೂ ಟಿಕೆಟನ್ನು ಮುಷ್ಟಿಯಲ್ಲಿ ಹಿಡಿದು ಬೆವರಿನಲ್ಲಿ ನೆನೆಸಿ ಹಿಟ್ಟು ಮಾಡುವವನು ನಾನು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದ ಮೇಲೆ ಮರಳಿ ಬಂದು ಬೀಗ ಎಳೆದು ನೋಡುತ್ತೇನೆ. ಇನ್ನು ನಾಲ್ಕು ಹೆಜ್ಜೆ ಹೋದ ಮೇಲೆ, ಎಳೆದದ್ದರಿಂದಲೇ ಅದು ಸಡಿಲವಾಯಿತೋ ಏನೋ ಎಂದು ಇನ್ನೊಮ್ಮೆ ಬರುತ್ತೇನೆ. ಇಂಥವನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರಾದದ್ದು ಇನ್ನೂ ಕಷ್ಟ. ವಿಜ್ಞಾನ ಓದದವರಿಗೆ ಹೆದರಲು ಹಾವು, ಸಿಡಿಲು, ಬಾವಿಯ ಕಟ್ಟೆ ಇಷ್ಟೇ ಇರುತ್ತವೆ. ಓದಿದವನಿಗೆ ಕುಡಿಯುವ ನೀರಿನಿಂದ ಹಿಡಿದು ಮಿಠಾಯಿಯ ಬಣ್ಣದವರೆಗೆ ಎಲ್ಲದರಲ್ಲೂ ಒಂದೊಂದು ಹೆದರಿಕೆ ಇರುತ್ತದೆ.

ಅಂಥ ನನ್ನ ಕಣ್ಣಿಗೆ ದೇವರು ತೊಟ್ಟೆಯನ್ನು ತೋರಿಸಬಾರದಿತ್ತು. ಘಟ್ಟದ ಮೇಲಿನವರು ಪ್ಲಾಸ್ಟಿಕ್ ಕವರ್ ಎಂದು ಗೌರವದಿಂದ ಕರೆಯುವ ವಸ್ತುವಿಗೆ ನಮ್ಮ ಪುತ್ತೂರು, ಸುಳ್ಯದ ಕಡೆ ತೊಟ್ಟೆ ಎಂದೇ ಹೆಸರು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದು ಇರಲಿಲ್ಲ. ಇರಲಿಲ್ಲ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಪೇಟೆಗೆ ಹೋಗುವವರು ಬಟ್ಟೆಯ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡೇ ಮನೆಯಿಂದ ಇಳಿಯುತ್ತಿದ್ದರು. ಚಿಮಿಣಿ ಎಣ್ಣೆಗೆ ಕುತ್ತಿಗೆಗೆ ಹಗ್ಗ ಕಟ್ಟಿದ ಒಂದು ಬಾಟ್ಲಿ, ತೆಂಗಿನೆಣ್ಣೆಗೆ ಇನ್ನೊಂದು. ಇವೆರಡು ಅದಲುಬದಲಾದರೆ ಮನೆಯಲ್ಲಿ ಒಂದು ವಾರ ಮಾತು. ಸಕ್ಕರೆ, ಕಡ್ಲೆಬೇಳೆ ಹಳೆಯ ಪೇಪರಿನ ಪೊಟ್ಟಣದಲ್ಲಿ ಬರುತ್ತಿದ್ದವು. ಸಕ್ಕರೆ ಡಬ್ಬಿಗೆ ಸುರಿದ ಮೇಲೆ ನಾನು ಆ ಪೇಪರನ್ನು ನೆಟ್ಟಗೆ ಮಾಡಿ ಓದುತ್ತಿದ್ದೆ. ದೇಶದ ಎಷ್ಟೋ ದೊಡ್ಡ ಸುದ್ದಿಗಳು ನನಗೆ ಅರ್ಧರ್ಧವೇ ಗೊತ್ತಿರುವುದು ಈ ಕಾರಣಕ್ಕೆ. ಸೈಕಲಿನಲ್ಲಿ ಮೀನು ತರುತ್ತಿದ್ದ ಅದ್ರಾಮಣ್ಣ ಬಂಗುಡೆಯನ್ನು ಅಗಲವಾದ ಉಪ್ಪಳಿಗೆ ಎಲೆಯಲ್ಲಿ ಸುತ್ತಿ ಬಾಳೆಯ ನಾರಿನಲ್ಲಿ ಕಟ್ಟಿ ಕೊಡುತ್ತಿದ್ದ. ಮೀನು ಒಳಗೆ ಹೋದ ಮೇಲೆ ಆ ಎಲೆಯನ್ನು ಬೆಕ್ಕು ಎಷ್ಟು ನೆಕ್ಕುತ್ತಿತ್ತೆಂದರೆ ಬಿಸಾಡುವಾಗ ಅದು ಹೊಸ ಎಲೆಯಷ್ಟೇ ಶುಭ್ರವಾಗಿರುತ್ತಿತ್ತು.

ಬಿಸಾಡುವುದೆಂದರೆ ನಮ್ಮ ಮನೆಯಲ್ಲಿ ಮೂರೇ ಜಾಗ. ಒಂದು ದನದ ಬಾಯಿ, ಇನ್ನೊಂದು ಬಚ್ಚಲ ಒಲೆ, ಮೂರನೆಯದು ತೆಂಗಿನ ಬುಡ. ಲೋಕದಲ್ಲಿ ಯಾವ ವಸ್ತುವೇ ಆಗಲಿ ಕೊನೆಗೆ ಈ ಮೂರರಲ್ಲಿ ಒಂದಕ್ಕೆ ಸೇರಲೇಬೇಕು ಎಂದು ನಾವು ನಂಬಿದ್ದೆವು. ಬಾಳೆಹಣ್ಣಿನ ಸಿಪ್ಪೆ ದನಕ್ಕೆ, ಪೊಟ್ಟಣದ ಪೇಪರು ಒಲೆಗೆ, ಮೀನು ತೊಳೆದ ನೀರು ತೆಂಗಿಗೆ. ಕಸದ ಬುಟ್ಟಿ ಎಂಬುದೊಂದು ಮನೆಯಲ್ಲಿ ಇರಬೇಕೆಂದು ನನಗೆ ಗೊತ್ತಾದದ್ದು ಟ್ರೈನಿಂಗ್ ಕಾಲೇಜಿನ ಹಾಸ್ಟೆಲಿಗೆ ಸೇರಿದ ಮೇಲೆ.

ಮೊದಲ ತೊಟ್ಟೆ ನಮ್ಮ ಮನೆಗೆ ಪುತ್ತೂರಿನ ಒಂದು ಜವಳಿ ಅಂಗಡಿಯಿಂದ, ಅಮ್ಮನ ಸೀರೆಯ ಜತೆಗೆ ಬಂತು. ಸೀರೆಗಿಂತ ತೊಟ್ಟೆಗೆ ಹೆಚ್ಚು ಮರ್ಯಾದೆ ಸಿಕ್ಕಿತು. ರೇಶನ್ ಕಾರ್ಡು ಅದರೊಳಗೆ ಹೋಯಿತು. ಎರಡನೆಯದು ರೇಡಿಯೋಕ್ಕೆ ಅಂಗಿಯಾಯಿತು. ಮೂರನೆಯದು ಮಳೆಯಲ್ಲಿ ತಮ್ಮನ ತಲೆಯ ಮೇಲೆ ಟೊಪ್ಪಿಯಾಗಿ ಪೇಟೆಯೆಲ್ಲ ತಿರುಗಿತು. ಹತ್ತನೆಯದರ ಹೊತ್ತಿಗೆ, ಇದನ್ನು ಎಲ್ಲಿ ಬಿಸಾಡುವುದು ಎಂಬ ಪ್ರಶ್ನೆ ಬಂತು. ದನಕ್ಕೆ ಹಾಕುವಂತಿಲ್ಲ. ಒಲೆಗೆ ಹಾಕಿದರೆ ಕಪ್ಪು ಹೊಗೆ ಎದ್ದು, ಮಿಂದ ಮೇಲೂ ಮೈಯಲ್ಲಿ ಆ ವಾಸನೆ ಇದೆ ಎಂದು ಅಮ್ಮ ಎರಡನೆಯ ಸಲ ಮಿಂದರು. ತೆಂಗಿನ ಬುಡದಲ್ಲಿ ಹೂತದ್ದು ಮರುವರ್ಷ ಬುಡ ಬಿಡಿಸುವಾಗ ಎದ್ದು ಬಂದು, ಒಂದಿಷ್ಟು ಮಣ್ಣು ಕೊಡವಿಕೊಂಡು ಗಾಳಿಗೆ ಪಟಪಟ ಅಂದಿತು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಮನೆಗೆ ಬಂದ ಒಂದು ವಸ್ತುವಿಗೆ ಹೋಗಲು ಜಾಗವೇ ಇಲ್ಲ ಎಂಬುದು ನನಗೆ ಆವರೆಗೆ ಬಾರದ ಹೊಸ ಹೆದರಿಕೆಯಾಗಿತ್ತು.

ಅಂದಿನಿಂದ ನಾನು ತೊಟ್ಟೆ ಬೇಡ ಅನ್ನುವವನಾದೆ. ಇದು ಹೇಳಿದಷ್ಟು ಸುಲಭವಲ್ಲ. ಕಬಕದಲ್ಲಿ ನಮ್ಮ ಮನೆಯ ಹತ್ತಿರವೇ ಸಂಕಪ್ಪಣ್ಣನ ಅಂಗಡಿ ಉಂಟು. ಅವರು ಸಾಮಾನು ಕಟ್ಟಿ, ಹೊಸತಾಗಿ ತರಿಸಿದ ತೊಟ್ಟೆಯನ್ನು ಬಾಯಿಂದ ಊದಿ ಬಿಡಿಸುತ್ತಿದ್ದಾಗ ನಾನು, "ಚೀಲ ಉಂಟು ಸಂಕಪ್ಪಣ್ಣ, ತೊಟ್ಟೆ ಬೇಡ" ಅಂದೆ. ಅವರ ಮುಖ ಬಾಡಿತು. "ಎಂತ ಮಾಷ್ಟ್ರೆ, ಪುತ್ತೂರಿನ ಅಂಗಡಿಯವರು ಕೊಟ್ರೆ ತಕ್ಕೊಳ್ತೀರಿ, ನಮ್ಮದು ಆಗುದಿಲ್ಲವಾ?" ಅಂದರು. ನಾನು ಕೂಡಲೇ ಹೆದರಿ ಎರಡು ತೊಟ್ಟೆ ತೆಗೆದುಕೊಂಡು ಬಂದೆ. ಪರಿಸರದ ಬಗ್ಗೆ ನನ್ನ ನಿಷ್ಠೆ ಆಗಲೇ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಇದು ಸಾಕ್ಷಿ.

ಇನ್ನು ನಾನು ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಸುತ್ತಿ ಸುತ್ತಿ ಬರುತ್ತಿರುವುದು ಅದನ್ನು ಹೇಳಲು ಮನಸ್ಸಿಲ್ಲದ್ದರಿಂದ.

ನಮ್ಮ ಕಡೆ ಒಂದು ಕ್ರಮ ಉಂಟು. ನೆರೆಮನೆಯಿಂದ ಒಂದು ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆಯನ್ನು ಖಾಲಿಯಾಗಿ ಹಿಂದೆ ಕೊಡಬಾರದು. ಅವರು ಕೊಟ್ಟದ್ದು ಪಾಯಸವೇ ಇರಲಿ, ನೀವು ಕೊಡುವುದು ನಾಲ್ಕು ಹಸಿಮೆಣಸೇ ಇರಲಿ, ಪಾತ್ರೆಯೊಳಗೆ ಏನಾದರೊಂದು ಇರಬೇಕು. ಏನೂ ಇಲ್ಲದಿದ್ದರೆ ಒಂದು ತುಂಡು ಬೆಲ್ಲವಾದರೂ ಆಗಬಹುದು. ಇದರಿಂದ ಏನಾಗುತ್ತದೆಂದರೆ ಕೊಡುವುದು ಮುಗಿಯುವುದೇ ಇಲ್ಲ. ನಿಮ್ಮ ಹಸಿಮೆಣಸು ಹೋದ ಪಾತ್ರೆಗೆ ಅವರು ಇನ್ನೇನನ್ನೋ ಹಾಕಿ ಕಳಿಸುತ್ತಾರೆ. ಮಾತು ಬಿಟ್ಟ ಮನೆಗಳ ನಡುವೆ ಕೂಡ ಪಾತ್ರೆ ಓಡಾಡಿದ್ದನ್ನು ನಾನು ಕಂಡಿದ್ದೇನೆ.

ಅಮ್ಮನಿಗೂ ಪೆರಾಬೆಯ ಕಮಲಕ್ಕನಿಗೂ ನಡುವೆ ಇಂಥ ಒಂದು ಪಾತ್ರೆ ಇತ್ತು. ಕಮಲಕ್ಕ ಅಮ್ಮನ ಬಾಲ್ಯದ ಗೆಳತಿ. ಇಬ್ಬರೂ ಈಶ್ವರಮಂಗಲದ ಕಡೆಯವರು, ಒಂದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಒಟ್ಟಿಗೆ ಓದಿದವರು. ಒಬ್ಬರನ್ನು ಕಬಕಕ್ಕೆ, ಇನ್ನೊಬ್ಬರನ್ನು ಪೆರಾಬೆಗೆ ಮದುವೆ ಮಾಡಿಕೊಟ್ಟರು. ಮದುವೆಗಳಲ್ಲಿ, ಸತ್ತವರ ಬೊಜ್ಜಗಳಲ್ಲಿ ಸಿಕ್ಕಿದರೆ ಮಾತು, ಉಳಿದಂತೆ ಪಾತ್ರೆ. ಅದು ಹಿಡಿ ಮತ್ತು ಮುಚ್ಚಳ ಇರುವ ಅಗಲ ಬಾಯಿಯ ಹಿತ್ತಾಳೆ ಪಾತ್ರೆ. ಮೂಲದಲ್ಲಿ ಅದು ಯಾರದೆಂದು ಇಬ್ಬರಿಗೂ ನೆನಪಿರಲಿಲ್ಲ. ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರದು ಅನ್ನುತ್ತಿದ್ದರು. ಮೊದಲು ಕಡಬದ ಬಸ್ಸಿನವರ ಕೈಯಲ್ಲಿ ಅದು ಹೋಗಿ ಬರುತ್ತಿತ್ತು. ನನಗೆ ಕಡಬದ ಹೈಸ್ಕೂಲಿಗೆ ವರ್ಗವಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಸೋಮವಾರ ಬೆಳಿಗ್ಗೆ ಹೋಗುವಾಗ ಪೆರಾಬೆಯಲ್ಲಿ ಬಸ್ಸಿನ ಕಿಟಕಿಯಿಂದ ಕೊಡುವುದು, ಶನಿವಾರ ಮಧ್ಯಾಹ್ನ ಊರಿಗೆ ಬರುವಾಗ ಕಿಟಕಿಯಿಂದಲೇ ತೆಗೆದುಕೊಳ್ಳುವುದು. ಆ ಒಂದು ನಿಮಿಷಕ್ಕಾಗಿ ಕಮಲಕ್ಕ ಅರ್ಧ ಗಂಟೆ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರು ಹಲಸಿನ ಹಪ್ಪಳವನ್ನು ತಟ್ಟುತ್ತಿದ್ದದ್ದೇ ಆ ಪಾತ್ರೆಯ ಅಳತೆಗೆ. ಒಂದರ ಮೇಲೊಂದು ಪೇರಿಸಿದರೆ ಸಂದಿಲ್ಲದೆ ಕೂರುತ್ತಿತ್ತು, ಕಬಕಕ್ಕೆ ಬಂದಾಗ ಒಂದು ಅಂಚು ಕೂಡ ಮುರಿದಿರುತ್ತಿರಲಿಲ್ಲ.

ನನಗೆ ಆ ಪಾತ್ರೆ ಹಿಡಿದುಕೊಳ್ಳಲು ನಾಚಿಕೆಯಾಗುತ್ತಿತ್ತು. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ. ಇಸ್ತ್ರಿ ಮಾಡಿದ ಪ್ಯಾಂಟು, ಕೈಗೆ ವಾಚು, ತೊಡೆಯ ಮೇಲೆ ಮಾತ್ರ ಹಿತ್ತಾಳೆ ಪಾತ್ರೆ. ಕಂಡಕ್ಟರು ದೂರದಿಂದಲೇ, "ಎಂತ ಮಾಷ್ಟ್ರೆ, ಇವತ್ತು ಒಳಗೆ ಎಂತ ಉಂಟು?" ಎಂದು ಕೂಗುತ್ತಿದ್ದ. ನಾನು ಹೇಳುವ ಮೊದಲೇ ಹಿಂದಿನ ಸೀಟಿನವರು ವಾಸನೆಯಿಂದ ಹೇಳಿಬಿಡುತ್ತಿದ್ದರು. ನನ್ನ ಶಾಲೆಯ ಮಕ್ಕಳೂ ಅದೇ ಬಸ್ಸಿನಲ್ಲಿರುತ್ತಿದ್ದರು.

ಆ ವರ್ಷ ಆಟಿ ತಿಂಗಳು. ಹೊರಗೆ ಕಾಲಿಡಲಾಗದಂಥ ಮಳೆ. ಸೋಮವಾರ ಅಮ್ಮ ಕೆಸುವಿನ ಎಲೆಯ ಪತ್ರೊಡೆ ಮಾಡಿ ಪಾತ್ರೆ ತುಂಬಿ ಕಳಿಸಿದ್ದರು. ಅದೇ ಶನಿವಾರ ಸಂಜೆ ಪುತ್ತೂರಿನ ಒಂದು ಯುವಕ ಸಂಘದಲ್ಲಿ ನನ್ನ ಭಾಷಣ ಇತ್ತು. ವಿಷಯ: 'ನಮ್ಮ ಪರಿಸರ, ನಮ್ಮ ಜವಾಬ್ದಾರಿ'. ನಾನು ತೊಟ್ಟೆ ಬೇಡ ಅನ್ನುವ ಮಾಷ್ಟ್ರು ಎಂಬ ಸುದ್ದಿ ಅಷ್ಟು ದೂರ ಹಬ್ಬಿತ್ತು. ಬಸ್ಸಿನಿಂದ ನೇರವಾಗಿ ವೇದಿಕೆಗೆ ಹೋಗಬೇಕು. ವೇದಿಕೆಯ ಮೇಲೆ, ಅಧ್ಯಕ್ಷರ ಪಕ್ಕದಲ್ಲಿ ನಾನು ಪಾತ್ರೆ ಇಟ್ಟುಕೊಂಡು ಕೂರುವುದನ್ನು ಶುಕ್ರವಾರದಿಂದಲೇ ಕಲ್ಪಿಸಿಕೊಂಡು ಹೆದರುತ್ತಿದ್ದೆ.

ಪೆರಾಬೆಯಲ್ಲಿ ಬಸ್ಸು ನಿಂತಿತು. ಕಮಲಕ್ಕ ಕೊಡೆಯ ಕೆಳಗಿನಿಂದ ಪಾತ್ರೆ ಎತ್ತಿ ಕಿಟಕಿಗೆ ಹಿಡಿದರು.

"ಕಮಲಕ್ಕ, ಪಾತ್ರೆ ಬೇಡ. ಒಂದು ತೊಟ್ಟೆಯಲ್ಲಿ ಹಾಕಿ ಕೊಡಿ" ಅಂದೆ.

"ಪಾತ್ರೆ ಬೇಡವಾ? ಯಾಕೆ ಮಗಾ?"

ನನಗೆ ನಾಚಿಕೆ ಆಗುತ್ತದೆ ಎಂದು ಹೇಳಲು ನಾಚಿಕೆಯಾಯಿತು. "ಅಮ್ಮನಿಗೆ ಪಾತ್ರೆ ಈಗ ಬೇಡವಂತೆ. ನಿಮ್ಮಲ್ಲೇ ಇರಲಿ ಅಂತ ಹೇಳಿದ್ರು" ಅಂದೆ. ಅಮ್ಮ ಹಾಗೆ ಹೇಳಿರಲಿಲ್ಲ.

ಕಮಲಕ್ಕ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಪಕ್ಕದ ಅಂಗಡಿಯಿಂದ ತೊಟ್ಟೆ ಕೇಳಿ ತಂದು, ಮಳೆಯಲ್ಲಿ ನಿಂತುಕೊಂಡೇ ಹಪ್ಪಳವನ್ನು ಅದಕ್ಕೆ ಸುರಿದು ಕೊಟ್ಟರು. ಕಂಡಕ್ಟರು ಸೀಟಿ ಊದಿದ.

ಆ ತೊಟ್ಟೆಯನ್ನು ವೇದಿಕೆಯ ಮೇಲೆ ಕುರ್ಚಿಯ ಅಡಿಗೆ ತಳ್ಳಿ, ನಾನು ಮುಕ್ಕಾಲು ಗಂಟೆ ತೊಟ್ಟೆಯ ವಿರುದ್ಧ ಮಾತಾಡಿದೆ. ಮಣ್ಣಿನಲ್ಲಿ ಅದು ಕರಗುವುದಿಲ್ಲ ಅಂದೆ. ನಮ್ಮ ಹಿರಿಯರ ಎಲೆ, ಅಡಿಕೆ ಹಾಳೆ, ನಾರುಗಳ ವಿವೇಕವನ್ನು ಹೊಗಳಿದೆ. ಜನ ಚಪ್ಪಾಳೆ ಹೊಡೆದರು. ಕೂರುವಾಗ ಕುರ್ಚಿಯನ್ನು ಹಿಂದಕ್ಕೆ ಎಳೆದೆ. ಅಡಿಯಲ್ಲಿ ಏನೋ ಕರಕರ ಅಂದಿತು. ಹಪ್ಪಳ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಮನೆಯಲ್ಲಿ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಪಾತ್ರೆ ಎಲ್ಲಿ?" ನಮ್ಮದು ತುಳು ಮಾತಾಡುವ ಮನೆ, ಅವರು ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆ ಪ್ರಶ್ನೆಯ ದಿಗಿಲು ಯಾವ ಭಾಷೆಯಲ್ಲೂ ಒಂದೇ.

"ಪಾತ್ರೆಯಲ್ಲಿ ಕೊಡ್ಲಿಲ್ಲ ಅಮ್ಮ. ತೊಟ್ಟೆಯಲ್ಲಿ ಕೊಟ್ರು" ಅಂದೆ.

ನೋಡಿ, ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಹೆದರುವವರು ಸುಳ್ಳು ಹೇಳುವುದು ಹೀಗೆಯೇ, ಮುಂದೆ ಸಿಕ್ಕಿಬೀಳದ ಹಾಗೆ.

ಅಮ್ಮ ತೊಟ್ಟೆ ಬಿಚ್ಚಿದರು. ಒಳಗೆ ಒಂದು ಹಪ್ಪಳವೂ ಇಡಿಯಾಗಿ ಇರಲಿಲ್ಲ. "ಕಮಲ ತುಂಡು ಹಪ್ಪಳ ಕಳಿಸುವವಳಲ್ಲ" ಅಂದರು. ತೊಟ್ಟೆಯನ್ನು ಎತ್ತಿ ನೋಡಿ, "ಹಿಂದೆ ಬರಬೇಕಾಗಿಲ್ಲದ್ದರಲ್ಲಿ ಹಾಕಿ ಕಳಿಸಿದ್ದಾಳೆ" ಅಂದರು. ನಾನು ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ.

ನನಗೆ ತೊಟ್ಟೆಯಲ್ಲಿ ಕಂಡದ್ದು ಕರಗದ ವಸ್ತು. ಅಮ್ಮನಿಗೆ ಅದರಲ್ಲಿ ಕಂಡದ್ದು ಮರಳಿ ಬರಬೇಕಾಗಿಲ್ಲದ ವಸ್ತು. ಪಾತ್ರೆ ಕಳಿಸುವವಳು ಇನ್ನೊಮ್ಮೆ ಕಾಯುತ್ತಾಳೆ. ತೊಟ್ಟೆಯಲ್ಲಿ ಕಳಿಸುವವಳು ಏನನ್ನೂ ಕಾಯುವುದಿಲ್ಲ. ಅಮ್ಮನ ಲೆಕ್ಕದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಒಬ್ಬರು ಇನ್ನೊಬ್ಬರಿಗೆ ಸಾಕು ಎಂದು ಹೇಳಲು ಸಾಧ್ಯವೇ ಇರಲಿಲ್ಲ. ಆದರೂ ಅವರು ಬಿಡಲಿಲ್ಲ. ಭಾನುವಾರ ಆ ತೊಟ್ಟೆಯನ್ನು ಒಳಹೊರಗು ಮಾಡಿ ಸಾಬೂನು ಹಾಕಿ ತೊಳೆದು, ಜಗಲಿಯ ಹಗ್ಗದಲ್ಲಿ ನನ್ನ ಬನಿಯನಿನ ಪಕ್ಕದಲ್ಲಿ ಒಣಗಹಾಕಿದರು. ಸೋಮವಾರ ಅದರಲ್ಲಿ ಬಸಳೆ ತುಂಬಿ ನನ್ನ ಕೈಗೆ ಕೊಟ್ಟು, "ತೊಟ್ಟೆಯೇ ಆಗಲಿ, ಖಾಲಿ ಕೊಡಬಾರದು" ಅಂದರು.

ಪೆರಾಬೆಯಲ್ಲಿ ಕಮಲಕ್ಕ ಬಸ್ಸಿಗೆ ಕಾದಿದ್ದರು. ನನ್ನ ಕೈಯಲ್ಲಿ ಬಸಳೆಯ ದಂಟು ಹೊರಚಾಚಿದ ತೊಟ್ಟೆ ನೋಡಿ ಅವರ ಕೈ ಅರ್ಧಕ್ಕೇ ನಿಂತಿತು. "ಈಗ ಅವಳೂ ತೊಟ್ಟೆಯಲ್ಲಿ ಕಳಿಸ್ಲಿಕ್ಕೆ ಸುರು ಮಾಡಿದಳಾ?" ಅಂದರು. ನಾನು ನಕ್ಕೆ. ಏನು ಮಾಡಬೇಕೆಂದು ತಿಳಿಯದಾಗ ನಾನು ನಗುತ್ತೇನೆ. ಅವರು ತೊಟ್ಟೆ ತೆಗೆದುಕೊಂಡು ತಿರುಗಿ ನಡೆದರು. ಆ ಶನಿವಾರ ಕಟ್ಟೆಯ ಮೇಲೆ ಅವರು ಇರಲಿಲ್ಲ. ಮುಂದಿನ ಶನಿವಾರವೂ ಇರಲಿಲ್ಲ.

"ಕಮಲ ಇದ್ದಳಾ?"

"ಇಲ್ಲ ಅಮ್ಮ."

"ಹುಷಾರಿಲ್ಲವೋ ಏನೋ."

"ಗೊತ್ತಿಲ್ಲ."

ವಾರ ವಾರವೂ ಇಷ್ಟೇ ಮಾತು. ಅಮ್ಮ ತನ್ನ ತಪ್ಪು ಹುಡುಕಲು ತೊಡಗಿದರು. ಅಜ್ಜನ ಬೊಜ್ಜದ ಊಟಕ್ಕೆ ಕಮಲಕ್ಕನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಲಿಲ್ಲವೋ ಏನೋ. ಅವರ ಮಗಳ ಮದುವೆಗೆ ಹೋದವರು ಒಂದು ದಿನ ಉಳಿಯದೆ ಬಂದದ್ದು ಬೇಸರವಾಯಿತೋ ಏನೋ. ಪತ್ರೊಡೆಯಲ್ಲಿ ಕೆಸು ತುರಿಸಿತೋ ಏನೋ. "ತುರಿಸಿದ್ರೂ ಹೇಳ್ಬಹುದಿತ್ತಲ್ಲ" ಎಂದು ಒಬ್ಬರೇ ಅನ್ನುತ್ತಿದ್ದರು. ಆಟಿ ಕಳೆದು ಸೋಣ ತಿಂಗಳು ಬಂತು, ಅಂಗಳದ ಬದಿಯಲ್ಲಿ ಕೆಸು ಆಳೆತ್ತರ ಬೆಳೆಯಿತು, ಅವರು ಇನ್ನೊಮ್ಮೆ ಪತ್ರೊಡೆ ಮಾಡಲಿಲ್ಲ. ತಮ್ಮನ ಹೆಂಡತಿ ಮಾಡುತ್ತೇನೆ ಅಂದಾಗ, "ಯಾರಿಗೆ?" ಎಂದು ಕೇಳಿದರು.

ನಾನು ಯಾಕೆ ಆಗಲೇ ಹೇಳಲಿಲ್ಲ ಎಂದು ನೀವು ಕೇಳಬಹುದು. ನಮ್ಮ ಊರಿನಲ್ಲಿ ಹುಟ್ಟಿದವನಿಗೆ ಮಳೆಗಾಲದ ಮೇಲೆ ಒಂದು ಕುರುಡು ನಂಬಿಕೆ ಇರುತ್ತದೆ. ನಾಲ್ಕು ತಿಂಗಳ ಮಳೆಗೆ ಇಲ್ಲಿ ಕರಗದ್ದು ಯಾವುದು? ಮರದ ಬಾಗಿಲು ಹಿಗ್ಗುತ್ತದೆ, ಚರ್ಮದ ಚಪ್ಪಲಿಗೆ ಬೂಸ್ಟು ಬರುತ್ತದೆ, ಮಣ್ಣಿನ ಗೋಡೆ ಕೂರುತ್ತದೆ. ನನ್ನ ಸಣ್ಣ ಮಾತೂ ಹಾಗೆಯೇ ಕೊಳೆತು ಹೋದೀತು, ಒಂದು ಶನಿವಾರ ಕಮಲಕ್ಕ ಪಾತ್ರೆ ಹಿಡಿದು ಕಟ್ಟೆಯ ಮೇಲೆ ಕೂತಿದ್ದಾರು ಎಂದು ಕಾದೆ. ಬಸ್ಸು ಪೆರಾಬೆ ಹತ್ತಿರ ಬರುವಾಗ ಕಟ್ಟೆಯ ಕಡೆ ಇಣುಕುತ್ತಿದ್ದೆ. ಅವರು ಇರಲಿ ಎಂದು ಒಂದು ಕಡೆ, ಇದ್ದರೆ ಏನು ಹೇಳುವುದು ಎಂದು ಇನ್ನೊಂದು ಕಡೆ.

ಶಾಲೆ ಸುರುವಾದ ವಾರದಲ್ಲಿ, ಅಂದರೆ ಇದೆಲ್ಲ ಆಗುವ ಮೊದಲು, ಒಂಬತ್ತನೇ ಕ್ಲಾಸಿನವರಿಂದ ನಾನು ಒಂದು ಪ್ರಯೋಗ ಮಾಡಿಸಿದ್ದೆ. ಶಾಲೆಯ ಹಿಂದೆ ಸಾಲಾಗಿ ಗುಂಡಿ ತೋಡಿ ಒಂದರಲ್ಲಿ ಬಾಳೆ ಎಲೆ, ಒಂದರಲ್ಲಿ ಪೇಪರು, ಒಂದರಲ್ಲಿ ಮೈ ಒರಸುವ ಹಳೆಯ ಬೈರಾಸು, ಒಂದರಲ್ಲಿ ಅಡಿಕೆ ಹಾಳೆ, ಕೊನೆಯದರಲ್ಲಿ ಒಂದು ತೊಟ್ಟೆ ಹೂತಿಟ್ಟು ಕೋಲು ನೆಟ್ಟಿದ್ದೆವು. ದಸರಾ ರಜೆ ಮುಗಿದು ಬಂದ ಮೇಲೆ ಅಗೆದೆವು. ಬಾಳೆ ಎಲೆ ಇದ್ದ ಜಾಗದಲ್ಲಿ ಎರೆಹುಳ ಇದ್ದವು. ಪೇಪರು ಮಣ್ಣೇ ಆಗಿತ್ತು. ಬೈರಾಸಿನ ನಾಲ್ಕು ನೂಲು ಸಿಕ್ಕಿದವು. ಹಾಳೆ ಕಪ್ಪಾಗಿ ಮುಟ್ಟಿದರೆ ಹರಿಯುತ್ತಿತ್ತು. ತೊಟ್ಟೆಯನ್ನು ಮಕ್ಕಳು ನಳ್ಳಿಯ ಕೆಳಗೆ ಹಿಡಿದರು. ಮಣ್ಣು ಹೋಯಿತು, ಅದರ ಮೇಲಿನ ಅಕ್ಷರಗಳು ಕೂಡ ಹಾಗೇ ಇದ್ದವು.

ಲೀಲಾವತಿ ಎಂಬ ಹುಡುಗಿ ಅದನ್ನು ಬೆಳಕಿಗೆ ಹಿಡಿದು ತೂತು ಇದೆಯೋ ಎಂದು ನೋಡಿ, "ಮಾಷ್ಟ್ರೆ, ಇದು ಹೊಸದರ ಹಾಗೇ ಉಂಟು. ನಾನು ಮನೆಗೆ ತಕ್ಕೊಂಡು ಹೋಗ್ಲಾ? ಪುಸ್ತಕ ಹಾಕ್ಲಿಕ್ಕೆ ಆಗ್ತದೆ" ಎಂದು ಕೇಳಿದಳು.

ಕ್ಲಾಸೆಲ್ಲ ನಕ್ಕಿತು. ನಾನು ಪಾಠದ ಕೊನೆಗೆ ಹೇಳಬೇಕೆಂದು ಸಿದ್ಧಮಾಡಿಕೊಂಡಿದ್ದ ನಾಲ್ಕು ವಾಕ್ಯಗಳನ್ನು ಹೇಳಲಿಲ್ಲ. ಆ ತೊಟ್ಟೆಯನ್ನೇ ನೋಡುತ್ತಾ ನಿಂತೆ. ಇಷ್ಟು ಮಳೆ ಅದರ ಮೇಲೆ ಸುರಿದಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಆಟಿಯಲ್ಲಿ ನಾನು ಬಸ್ಸಿನ ಕಿಟಕಿಯಿಂದ ಹೇಳಿದ್ದಕ್ಕೂ ಏನೂ ಆಗಿರಲಿಲ್ಲ ಎಂದು ಆಗ ಅನ್ನಿಸಿತು. "ತಕ್ಕೋ" ಎಂದು ಹೇಳಿ ಸ್ಟಾಫ್ ರೂಮಿಗೆ ಹೋಗಿ ಕೂತೆ.

ಆ ಶನಿವಾರ ಮನೆಗೆ ಬಂದವನು ಅಂಗಿ ಕೂಡ ಬಿಚ್ಚದೆ ಅಮ್ಮನ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಮೆಟ್ಟುಕತ್ತಿಯ ಮುಂದೆ ಕೂತು ಅಲಸಂಡೆ ಕೊಯ್ಯುತ್ತಿದ್ದರು. ನಾನು ಮುಗಿಸುವವರೆಗೂ ಕೊಯ್ಯುತ್ತಲೇ ಇದ್ದರು.

"ಪಾತ್ರೆ ಹಿಡ್ಕೊಳ್ಳಿಕ್ಕೆ ನಾಚಿಕೆ ಆದ್ರೆ ನನ್ನತ್ರ ಹೇಳ್ಬಹುದಿತ್ತು ಮಗಾ. ಮೊದಲಿನ ಹಾಗೆ ಬಸ್ಸಿನವರ ಕೈಯಲ್ಲಿ ಕಳಿಸ್ತಿದ್ದೆ" ಅಂದರು.

ಇನ್ನೊಂದು ಅಲಸಂಡೆಯನ್ನು ಕತ್ತಿಗೆ ಹಿಡಿದರು.

"ಇಷ್ಟು ದಿನ ನಾನು ಅವಳಿಗೆ ಮನಸ್ಸಿನಲ್ಲಿ ಎಷ್ಟು ಬೈದಿದ್ದೇನೆ ಗೊತ್ತುಂಟಾ? ಅದನ್ನೆಲ್ಲ ಈಗ ಎಲ್ಲಿ ಬಿಸಾಡುದು?"

ದನದ ಬಾಯಿ, ಬಚ್ಚಲ ಒಲೆ, ತೆಂಗಿನ ಬುಡ. ಮೂರೂ ನನಗೆ ನೆನಪಾದವು, ಒಂದೂ ಪ್ರಯೋಜನಕ್ಕೆ ಬರಲಿಲ್ಲ. ಅಮ್ಮ ಅಲಸಂಡೆ ಕೊಯ್ಯುವುದನ್ನು ನಿಲ್ಲಿಸಿ, ಉಳಿದದ್ದನ್ನು ಒಂದು ಕಟ್ಟು ಮಾಡಿ ಬಾಳೆಯ ನಾರಿನಲ್ಲಿ ಬಿಗಿದು ಪಕ್ಕಕ್ಕೆ ಇಟ್ಟರು. "ನಾಳೆ ಬೆಳಿಗ್ಗಿನ ಬಸ್ಸಿಗೆ ನೀನೂ ಬಾ. ನೀನೇ ಹೇಳಬೇಕು" ಅಂದರು.

ಆ ಪ್ರಯಾಣದ ಬಗ್ಗೆ ಹೆಚ್ಚು ಹೇಳಲಾರೆ. ಟಿಕೆಟು ಪುತ್ತೂರು ಬರುವ ಮೊದಲೇ ಹಿಟ್ಟಾಗಿತ್ತು. ಕಮಲಕ್ಕ ಅಂಗಳದಲ್ಲಿ ಒಣಗಲು ಅಡಿಕೆ ಹರಗುತ್ತಿದ್ದವರು ಅಮ್ಮನನ್ನು ಕಂಡು ಎದ್ದು ನಿಂತ ರೀತಿ, ನಡು ನೋವಿದ್ದವರು ಅಷ್ಟು ಬೇಗ ಏಳುವುದನ್ನು ನಾನು ಕಂಡಿರಲಿಲ್ಲ. ಆದರೆ ಎದ್ದವರು ಹತ್ತಿರ ಬರಲಿಲ್ಲ. ಅಮ್ಮನೂ ಮೆಟ್ಟಿಲ ಬುಡದಲ್ಲಿ ಅಲಸಂಡೆ ಹಿಡಿದು ನಿಂತರು. ನಡುವೆ ನಾನು. ವಿಜ್ಞಾನದ ಮಾಷ್ಟ್ರು, ಪರಿಸರದ ಭಾಷಣಕಾರ. ಅಷ್ಟು ಹೊತ್ತಿನಿಂದ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಗಿ, "ಕಮಲಕ್ಕ, ಅಮ್ಮ ಹಾಗೆ ಹೇಳ್ಲಿಲ್ಲ. ನಾನೇ ಹೇಳಿದ್ದು. ಪಾತ್ರೆ ಹಿಡ್ಕೊಳ್ಳಿಕ್ಕೆ ನಾಚಿಕೆ ಆಗಿ" ಎಂದಷ್ಟೇ ಹೇಳಿದೆ.

ಕಮಲಕ್ಕ ನನ್ನನ್ನು ನೋಡಲೇ ಇಲ್ಲ. ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಆ ಹಿತ್ತಾಳೆ ಪಾತ್ರೆ ಇತ್ತು, ಹುಳಿ ಹಾಕಿ ಉಜ್ಜಿದ್ದು. ಅದನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಮುಚ್ಚಳ ತೆಗೆದರು. ಒಳಗೆ ಒಂದು ಹಿಡಿ ಕುಚ್ಚಲಕ್ಕಿ ಇತ್ತು.

"ಖಾಲಿ ಮಾಡಿ ಮೊಳೆಗೆ ಸಿಕ್ಕಿಸಿದ್ರೆ ಮುಗಿದ ಹಾಗೆ ಅಲ್ವಾ ಮಾರಾಯ್ತಿ" ಅಂದರು ಕಮಲಕ್ಕ. "ಅದಕ್ಕೆ ಒಂದು ಹಿಡಿ ಅಕ್ಕಿ ಹಾಕಿ ಇಟ್ಟೆ. ಹುಳ ಬಂದ್ರೆ ಕೋಳಿಗೆ ಹಾಕುದು, ಪಾತ್ರೆಗೆ ಬೇರೆ ಹಾಕುದು."

ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ಕೈಯಿಂದ ಅಕ್ಕಿಯನ್ನು ಮುಟ್ಟುತ್ತಾ ಇದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಕಾಣಲಿಲ್ಲ, ಯಾಕೆಂದರೆ ನಾನೂ ಬೇರೆ ಕಡೆ ನೋಡುತ್ತಿದ್ದೆ. ಆಮೇಲೆ ಇಬ್ಬರೂ ಒಳಗೆ ಹೋದರು. ಸಂಜೆಯ ಬಸ್ಸಿನವರೆಗೆ ಮಾತಿನ ಸದ್ದು ನಿಲ್ಲಲಿಲ್ಲ. ನಾಲ್ಕನೇ ಕ್ಲಾಸಿನ ಒಬ್ಬ ಮಾಷ್ಟ್ರನ್ನು ಅಣಕಿಸಿ ಇಬ್ಬರೂ ನಗುವುದು ಅಂಗಳಕ್ಕೆ ಕೇಳುತ್ತಿತ್ತು. ಆ ಹೊತ್ತೆಲ್ಲ ನಾನು ಯಾರೂ ಹೇಳದಿದ್ದರೂ ಅಡಿಕೆ ಹರಗುತ್ತಾ ಕೂತೆ.

ಹೊರಡುವಾಗ ಕಮಲಕ್ಕ ನನ್ನ ಕೈಗೂ ಒಂದು ವಸ್ತು ಕೊಟ್ಟರು. ತೊಳೆದು ಒಣಗಿಸಿ ಮಡಚಿಟ್ಟಿದ್ದ ಅದೇ ಬಸಳೆಯ ತೊಟ್ಟೆ. ಒಳಗೆ ನಾಲ್ಕು ಹಪ್ಪಳ, ನನ್ನ ಎದುರೇ ಮುರಿದು ಹಾಕಿದ್ದು. "ನಿನಗೆ ಇಡಿಯದ್ದು ಆಗುದಿಲ್ಲವಲ್ಲ ಮಗಾ" ಅಂದರು. ಆ ದಿನ ಅವರು ನನ್ನ ಜತೆ ಆಡಿದ ಮೊದಲ ಮಾತು ಅದು.

ಇದಾಗಿ ಕೆಲವು ವರ್ಷಗಳಾದವು. ಆ ತೊಟ್ಟೆ ನನ್ನ ಹತ್ತಿರ ಈಗಲೂ ಉಂಟು. ಬಿಸಾಡಲು ಜಾಗವಿಲ್ಲ, ಕೊಟ್ಟವರಿಗೆ ಹಿಂದೆ ಕೊಡಲು ಧೈರ್ಯವಿಲ್ಲ. ಈಗ ನಾನು ಎಲ್ಲಿ ಹೋದರೂ ಚೀಲ, ಬಾಟ್ಲಿ, ಒಂದು ಸಣ್ಣ ಪಾತ್ರೆ ಜತೆಗೇ ಇರುತ್ತದೆ. ಸಂಕಪ್ಪಣ್ಣನ ಅಂಗಡಿಯಲ್ಲಿ ತೊಟ್ಟೆ ಬಿಡಿಸುವ ಮೊದಲೇ ಚೀಲದ ಬಾಯಿ ಅಗಲಿಸಿ ಹಿಡಿಯುತ್ತೇನೆ. ಅವರ ಮುಖ ಬಾಡಬಾರದೆಂದು ಅಮ್ಮ ಕೊಟ್ಟ ನಾಲ್ಕು ಹಸಿಮೆಣಸು ಅವರ ಮೇಜಿನ ಮೇಲೆ ಇಡುತ್ತೇನೆ. ಅವರು ಹಸಿಮೆಣಸಿಗೆ ಬದಲಾಗಿ ಏನಾದರೂ ಕೊಡಲು ತಡಕಾಡುತ್ತಾರೆ. ಹೀಗೆ ಅಲ್ಲಿಯೂ ಒಂದು ಮುಗಿಯದ ಲೆಕ್ಕ ಸುರುವಾಗಿದೆ. ಸ್ಟಾಫ್ ರೂಮಿನಲ್ಲಿ ಹೊಸ ಮಾಷ್ಟ್ರುಗಳು, "ಪರಿಸರಕ್ಕಾಗಿಯಾ ಸಾರ್ ಇದೆಲ್ಲ?" ಎಂದು ಗೌರವದಿಂದ ಕೇಳುತ್ತಾರೆ. ಹೌದು ಅನ್ನುತ್ತೇನೆ. ಇಬ್ಬರು ಹೆಂಗಸರ ಹೆದರಿಕೆಯಿಂದ ಎಂದು ಹೇಳಲು ಇನ್ನೂ ನಾಚಿಕೆಯಾಗುತ್ತದೆ.

ಹೆದರಿಕೆ ಪೂರ್ತಿ ಹೋಗಿಲ್ಲ. ಕಮಲಕ್ಕನ ನಡು ನೋವು ಹೆಚ್ಚಾಗಿದೆ, ಕಟ್ಟೆಯವರೆಗೆ ಬರುವುದು ಅವರಿಗೆ ಕಷ್ಟ. ಒಮ್ಮೊಮ್ಮೆ ಸೊಸೆಯ ಕೈಯಲ್ಲಿ ಕಳಿಸುತ್ತಾರೆ. ಅಮ್ಮನಿಗೆ ಪಾತ್ರೆಯ ಮುಚ್ಚಳ ತೆಗೆಯಲು ಬೆರಳು ಬಗ್ಗುವುದಿಲ್ಲ. ಒಂದು ದಿನ ಈ ಪಾತ್ರೆ ಯಾವುದೋ ಒಂದು ಕಡೆ ನಿಂತುಬಿಡುತ್ತದೆ ಎಂಬುದು ವಿಜ್ಞಾನ ಓದದವನಿಗೂ ಗೊತ್ತಾಗುವ ವಿಷಯ. ಶನಿವಾರ ಬಸ್ಸು ಪೆರಾಬೆ ದಾಟಿದ ಮೇಲೆ, ತೊಡೆಯ ಮೇಲಿನ ಪಾತ್ರೆಯ ಮುಚ್ಚಳವನ್ನು ಬೆರಳಷ್ಟು ಎತ್ತಿ ನೋಡುತ್ತೇನೆ. ಹಿಂದಿನ ಸೀಟಿನವರು, "ಎಂತ ಉಂಟು ಮಾಷ್ಟ್ರೆ?" ಎಂದು ಕುತ್ತಿಗೆ ಚಾಚುತ್ತಾರೆ.

"ಏನೋ ಉಂಟು" ಅನ್ನುತ್ತೇನೆ, ಮುಚ್ಚಳ ಹಾಕಿ ಎರಡೂ ಕೈಯಿಂದ ಹಿಡಿದುಕೊಳ್ಳುತ್ತೇನೆ.